ದಿನಕ್ಕೆ ಎಂಟು ಮಿಲಿಗ್ರಾಂ

ಬಣ್ಣ ಬಳಿದ ಮರದ ಆಟಿಕೆಯನ್ನು ಕಚ್ಚಿ, ಚೀಪಿ, ಉಗುರಿನಿಂದ ಕೆರೆದು ಆಡುವ ಪುಟ್ಟ ಮಗುವಿನ ಹೊಟ್ಟೆಗೆ ದಿನಕ್ಕೆ ಎಷ್ಟು ಬಣ್ಣ ಹೋಗುತ್ತದೆ? ಆಟಿಕೆ ಸುರಕ್ಷತೆಯ ಲೆಕ್ಕ ಶುರುವಾಗುವುದೇ ಈ ಪ್ರಶ್ನೆಯಿಂದ. ಯುರೋಪಿನ ತಜ್ಞರು ಇದಕ್ಕೊಂದು ಉತ್ತರ ಹಿಡಿದರು: ದಿನಕ್ಕೆ 8 ಮಿಲಿಗ್ರಾಂ. ಒಂದು ಜೋಳದ ಕಾಳನ್ನು ನಾಲ್ಕು ಪಾಲು ಮಾಡಿದರೆ ಒಂದು ಪಾಲು ಹೆಚ್ಚುಕಡಿಮೆ ಅಷ್ಟು ತೂಗುತ್ತದೆ. 1988ರಲ್ಲಿ ಬಂದ ಯುರೋಪಿನ ಆಟಿಕೆ ಕಾನೂನು ಇನ್ನೊಂದು ಅಂಕಿ ಕೊಟ್ಟಿತು. ಆಟಿಕೆಯ ದೆಸೆಯಿಂದ ಮಗುವಿನ ಮೈಗೆ ದಕ್ಕುವ ಸೀಸ ದಿನಕ್ಕೆ 0.7 ಮೈಕ್ರೋಗ್ರಾಂ ದಾಟಬಾರದು ಎಂದಿತು. 0.7 ಮೈಕ್ರೋಗ್ರಾಂ ಅನ್ನು 8 ಮಿಲಿಗ್ರಾಂನಿಂದ ಭಾಗಿಸಿದರೆ ಒಂದು ಕಿಲೋ ಬಣ್ಣಕ್ಕೆ 87.5 ಮಿಲಿಗ್ರಾಂ ಸೀಸ ಬರುತ್ತದೆ. ಅದನ್ನು 90 ಎಂದು ಹಿಡಿದರು. ಭಾರತದ ಆಟಿಕೆ ಮಾನಕವಾದ ಐಎಸ್ 9873ರ ಮೂರನೇ ಭಾಗದಲ್ಲಿ ಸೀಸದ ಎದುರು ಇವತ್ತಿಗೂ ಇರುವ ಅಂಕಿ ಅದೇ 90.

ಇದಕ್ಕೂ ನಮ್ಮ ಕಲಬುರಗಿ ಜಿಲ್ಲೆಯ ಸೇಡಂಗೂ ಏನು ಸಂಬಂಧ ಎಂದು ಕೇಳಬಹುದು. ಮುಂಬೈಯಿಂದ ಹೈದರಾಬಾದಿಗೆ ಹೋಗುವ ರೈಲು ಮಾರ್ಗ ವಾಡಿ ಜಂಕ್ಷನ್ನಿನಲ್ಲಿ ಹೊರಳಿ ಚಿತ್ತಾಪುರ, ಮಳಖೇಡ ರೋಡ್, ಸೇಡಂ, ತಾಂಡೂರು ದಾಟಿ ಸಿಕಂದರಾಬಾದಿನತ್ತ ಸಾಗುತ್ತದೆ. ನಿಜಾಮರ ಕಾಲದಲ್ಲಿ, 1874ರಲ್ಲಿ, ಈ ದಾರಿ ತೆರೆಯಿತು. ಅಂದಿನಿಂದಲೂ ಈ ಸೀಮೆಯ ಬಜಾರಿಗೆ ಹೈದರಾಬಾದಿನ ನಂಟು ಗಟ್ಟಿ. ಹಡಗಿನಲ್ಲಿ ಬಂದ ಸರಕು ಬಂದರು ದಾಟಿ ಸಗಟು ಮಾರುಕಟ್ಟೆ ಸೇರುತ್ತದೆ. ಅಲ್ಲಿಂದ ಮೂಟೆ ಬಿಚ್ಚಿ, ಬಿಡಿಬಿಡಿಯಾಗಿ, ತಾಲ್ಲೂಕಿನ ಅಂಗಡಿಗೂ ಜಾತ್ರೆಯ ಮಳಿಗೆಗೂ ಇಳಿಯುತ್ತದೆ. ಹಳದಿ, ಕೆಂಪು ಬಣ್ಣದ ಮರದ ರೈಲು, ಅಕ್ಷರದ ಹಲಗೆ, ಗಾಲಿ ಇರುವ ಬಾತುಕೋಳಿ, ಮಣಿ ಪೋಣಿಸಿದ ತಂತಿಯಾಟ ಎಲ್ಲವೂ ಹೀಗೇ ಬರುತ್ತವೆ. ಎಲ್ಲಿಯ ಮಾಲು ಎಂದು ಕೇಳಿದರೆ ಅಂಗಡಿಯವರು, "ಹೈದರಾಬಾದ್ ಮಾಲ್ ಅದರೀ ಅಕ್ಕಾರ, ಪಕ್ಕಾ ಅದ" ಎನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಪೆಟ್ಟಿಗೆಯ ಮೇಲಿನ ಚೀಟಿ ಸಗಟು ಅಂಗಡಿಯಲ್ಲೇ ಉಳಿದಿರುತ್ತದೆ. ಅದರ ಹಿಂದಿನ ಕಥೆ ಅವರಿಗೂ ತಿಳಿದಿರುವುದಿಲ್ಲ.

ಆ ಕಥೆಯಲ್ಲಿ ಮುಖ್ಯವಾದದ್ದು ಹಳದಿ ಬಣ್ಣ. ಸೀಸವನ್ನೂ ಕ್ರೋಮಿಯಂ ಅನ್ನೂ ಕೂಡಿಸಿ ಮಾಡುವ ಸೀಸದ ಕ್ರೋಮೇಟ್ ಎಂಬ ವರ್ಣದ್ರವ್ಯ ಇನ್ನೂರು ವರ್ಷಗಳಿಂದ ಬಳಕೆಯಲ್ಲಿದೆ. ಅದು ಅಗ್ಗ, ಕಣ್ಣು ಕುಕ್ಕುವಷ್ಟು ಹೊಳಪು, ಒಂದೇ ಕೈ ಬಳಿದರೂ ಕೆಳಗಿನ ಮರ ಕಾಣದಷ್ಟು ದಟ್ಟ. ನೀಲಿ ಬೆರೆಸಿದರೆ ಹಸಿರು, ಮಾಲಿಬ್ಡೇಟ್ ಕೂಡಿಸಿದರೆ ಕಿತ್ತಳೆ. ಬಣ್ಣ ಬೇಗ ಒಣಗಲೆಂದೂ ಸೀಸದ ಲವಣಗಳನ್ನು ಹಾಕುವ ರೂಢಿ ಇತ್ತು. ಬಣ್ಣ ಮಾಡುವವನಿಗೆ ಇದರಲ್ಲಿ ಅನುಕೂಲವೇ ಎಲ್ಲ. ಆದರೆ ಸೀಸದ ಕ್ರೋಮೇಟಿನ ತೂಕದಲ್ಲಿ ನೂರಕ್ಕೆ 64 ಪಾಲು ಸೀಸವೇ. ಒಣಗಿದ ಬಣ್ಣದ ಪದರದಲ್ಲಿ ಈ ಪುಡಿ ನೂರಕ್ಕೆ ಒಂದು ಪಾಲು ಇದ್ದರೂ ಕಿಲೋಗೆ 6,400 ಮಿಲಿಗ್ರಾಂ ಸೀಸ ಆಯಿತು. 90ರ ಪಕ್ಕದಲ್ಲಿಟ್ಟರೆ ಎಪ್ಪತ್ತು ಪಟ್ಟು. ಕಲಬೆರಕೆ ಅರಿಶಿನ ಪುಡಿಗೆ ಹೊಳಪು ಕೊಡಲು ಬೆರೆಸುವುದೂ ಇದೇ ವಸ್ತು. ಆಹಾರ ಇಲಾಖೆಯವರು ಅರಿಶಿನದಲ್ಲಿ ಹುಡುಕುವ ವಿಷವನ್ನೇ ಆಟಿಕೆ ಪರೀಕ್ಷಕರು ಬಣ್ಣದಲ್ಲಿ ಹುಡುಕುತ್ತಾರೆ.

ಪರೀಕ್ಷೆ ನಡೆಯುವ ಬಗೆ ನನಗೆ ಬಹಳ ಮೆಚ್ಚುಗೆಯಾದದ್ದು, ಯಾಕೆಂದರೆ ಅಲ್ಲಿ ಗಾಜಿನ ಪಾತ್ರೆಯೊಂದು ಮಗುವಿನ ಹೊಟ್ಟೆಯ ಕೆಲಸ ಮಾಡುತ್ತದೆ. ಕೆಳಗಿನ ಮರ ಕೂಡಿಬರದಂತೆ ಬಣ್ಣವನ್ನಷ್ಟೇ ಬ್ಲೇಡಿನಿಂದ ಕೆರೆದು ತೆಗೆಯುತ್ತಾರೆ. ಪುಡಿ ಮಾಡಿ ಅರ್ಧ ಮಿಲಿಮೀಟರ್ ಕಣ್ಣಿನ ಜರಡಿ ಹಿಡಿಯುತ್ತಾರೆ. ಆ ಪುಡಿಯ ತೂಕದ ಐವತ್ತು ಪಟ್ಟು ತೆಳು ಹೈಡ್ರೋಕ್ಲೋರಿಕ್ ಆಮ್ಲ ಸುರಿಯುತ್ತಾರೆ. ನಮ್ಮ ಜಠರದಲ್ಲಿ ಒಸರುವ ಆಮ್ಲವೂ ಇದೇ, ಹದವೂ ಹೆಚ್ಚುಕಡಿಮೆ ಅದೇ. ಪಾತ್ರೆಯ ಬಿಸಿ 37 ಡಿಗ್ರಿ ಸೆಲ್ಸಿಯಸ್, ಅಂದರೆ ಮೈಯ ಕಾವು. ಒಂದು ಗಂಟೆ ಕುಲುಕುತ್ತಾರೆ, ಇನ್ನೊಂದು ಗಂಟೆ ಹಾಗೇ ಬಿಡುತ್ತಾರೆ. ಬೆಳಕು ತಾಗದಂತೆ ಮುಚ್ಚಿಟ್ಟಿರುತ್ತಾರೆ. ಆಮೇಲೆ ಸೋಸಿ, ತಿಳಿಯನ್ನು ಸಾವಿರಾರು ಡಿಗ್ರಿ ಕಾವಿನ ಪ್ಲಾಸ್ಮಾ ಜ್ವಾಲೆಗೆ ಸಿಂಪಡಿಸುತ್ತಾರೆ. ಆ ಕಾವಿನಲ್ಲಿ ಪ್ರತಿಯೊಂದು ಧಾತುವೂ ತನ್ನದೇ ಆದ ತರಂಗಾಂತರದ ಬೆಳಕು ಚೆಲ್ಲುತ್ತದೆ. ಬೆಳಕನ್ನು ಬಿಡಿಸಿ ಅಳೆದರೆ ಯಾವ ಧಾತು ಎಷ್ಟು ಕರಗಿತ್ತು ಎಂದು ಗೊತ್ತಾಗುತ್ತದೆ.

ಹೀಗೆ ಎಂಟು ಧಾತುಗಳನ್ನು ಅಳೆಯುತ್ತಾರೆ. ಕಿಲೋ ಬಣ್ಣಕ್ಕೆ ಮಿಲಿಗ್ರಾಂ ಲೆಕ್ಕದಲ್ಲಿ ಸೀಸ 90, ಆರ್ಸೆನಿಕ್ 25, ಕ್ಯಾಡ್ಮಿಯಂ 75, ಪಾದರಸ 60, ಕ್ರೋಮಿಯಂ 60, ಆಂಟಿಮನಿ 60, ಸೆಲೆನಿಯಂ 500, ಬೇರಿಯಂ 1,000, ಇವುಗಳನ್ನು ಮೀರುವಂತಿಲ್ಲ. ಒಂದು ಮರದ ಗಿಳಿಯಲ್ಲಿ ಹಸಿರು, ಕೆಂಪು, ಹಳದಿ, ಕಪ್ಪು ನಾಲ್ಕು ಬಣ್ಣವಿದ್ದರೆ ನಾಲ್ಕನ್ನೂ ಬೇರೆಬೇರೆಯಾಗಿ ಕೆರೆದು ನೋಡಬೇಕು. ಗಿಳಿಯ ಮೈ ಶುದ್ಧವಾಗಿದ್ದು ಕೊಕ್ಕು ಮಾತ್ರ ವಿಷವಾಗಿರಬಹುದು. ಮಗು ಮೊದಲು ಬಾಯಿಗಿಡುವುದೂ ಕೊಕ್ಕನ್ನೇ.

ಓದುಗರು ಇಲ್ಲಿ ಒಂದು ಸೂಕ್ಷ್ಮ ಗಮನಿಸಬೇಕು. ಅಮೆರಿಕದ ಕಾನೂನಿನಲ್ಲೂ ಆಟಿಕೆ ಬಣ್ಣದ ಸೀಸಕ್ಕೆ 90 ಎಂದೇ ಇದೆ. ಆದರೆ ಅಲ್ಲಿ ಬಣ್ಣವನ್ನು ಕಟು ಆಮ್ಲದಲ್ಲಿ ಪೂರ್ತಿ ಕರಗಿಸಿ, ಒಳಗಿರುವ ಅಷ್ಟೂ ಸೀಸವನ್ನು ಲೆಕ್ಕ ಹಿಡಿಯುತ್ತಾರೆ. ನಮ್ಮ ಆಟಿಕೆ ಮಾನಕ ಹೊಟ್ಟೆಯ ಆಮ್ಲದಲ್ಲಿ ಬಿಟ್ಟುಕೊಳ್ಳುವ ಸೀಸವನ್ನಷ್ಟೇ ಅಳೆಯುತ್ತದೆ. ಯುರೋಪು 2018ರಿಂದ ಕೆರೆದ ಬಣ್ಣಕ್ಕೆ ಇದೇ ಬಗೆಯ ಪರೀಕ್ಷೆಯಲ್ಲಿ 23ಕ್ಕೆ ಇಳಿದಿದೆ, ಹತ್ತೊಂಬತ್ತು ಧಾತುಗಳನ್ನು ನೋಡುತ್ತದೆ. ನಮ್ಮ 90 ಮೂವತ್ತು ವರ್ಷಕ್ಕೂ ಹಿಂದಿನ ತಿಳಿವಳಿಕೆಯ ಅಂಕಿ. ಸೀಸಕ್ಕೆ ನಿರಪಾಯದ ಮಟ್ಟವೆಂಬುದೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಈಗ ಸ್ಪಷ್ಟವಾಗಿ ಹೇಳುತ್ತಿರುವಾಗ ಇದನ್ನು ಇಳಿಸಲೇಬೇಕು ಎಂಬುದು ನನ್ನ ನಿಲುವು.

ಮೈಯೊಳಗೆ ಹೋದ ಸೀಸ ಏನು ಮಾಡುತ್ತದೆ? ಮಾಡುವುದೆಲ್ಲ ಮೋಸವೇ. ಸೀಸದ ಅಯಾನು ಕ್ಯಾಲ್ಸಿಯಂ ವೇಷದಲ್ಲಿ ಜೀವಕೋಶದ ಬಾಗಿಲು ದಾಟುತ್ತದೆ. ನರಕೋಶಗಳು ಒಂದಕ್ಕೊಂದು ಸಂದೇಶ ಕಳಿಸುವುದು ಕ್ಯಾಲ್ಸಿಯಂ ನೆರವಿನಿಂದ. ಆ ಜಾಗದಲ್ಲಿ ಸೀಸ ಕೂತರೆ ಬೆಳೆಯುತ್ತಿರುವ ಮಿದುಳಿನ ಜೋಡಣೆಯೇ ಹದಗೆಡುತ್ತದೆ. ಮಗು ಜ್ವರ ಬಂದು ಮಲಗುವುದಿಲ್ಲ, ವಾಂತಿ ಮಾಡುವುದಿಲ್ಲ. ಕಲಿಕೆ ನಿಧಾನವಾಗುತ್ತದೆ, ಗಮನ ನಿಲ್ಲುವುದಿಲ್ಲ, ಸಿಡಿಮಿಡಿ ಹೆಚ್ಚುತ್ತದೆ. "ಇವನಿಗೆ ಓದು ಹತ್ತಂಗಿಲ್ಲ" ಎಂದು ಮಾಸ್ತರರೂ ಮನೆಯವರೂ ಮಗುವಿನ ಮೇಲೇ ತಪ್ಪು ಹೊರಿಸುತ್ತಾರೆ. ತಿಂದ ಸೀಸದಲ್ಲಿ ದೊಡ್ಡವರ ಕರುಳು ನೂರಕ್ಕೆ ಹತ್ತರಷ್ಟು ಹೀರಿಕೊಂಡರೆ ಪುಟ್ಟ ಮಕ್ಕಳದು ನಲವತ್ತರಿಂದ ಐವತ್ತರಷ್ಟು ಹೀರುತ್ತದೆ. ಹೀರಿದ್ದರಲ್ಲಿ ಬಹುಪಾಲು ಮೂಳೆಯಲ್ಲಿ ಹತ್ತಾರು ವರ್ಷ ಉಳಿಯುತ್ತದೆ. ಹೆಣ್ಣುಮಗು ಬೆಳೆದು ತಾಯಿಯಾದಾಗ ಮೂಳೆಯ ಕ್ಯಾಲ್ಸಿಯಂ ಜೊತೆ ಈ ಸೀಸವೂ ಕರಗಿ ಹೊಟ್ಟೆಯ ಕೂಸಿಗೆ ದಾಟುತ್ತದೆ. ಇಂದು ಆಟಿಕೆಯಿಂದ ಹೋದದ್ದು ಮುಂದಿನ ತಲೆಮಾರಿಗೂ ಮುಟ್ಟುತ್ತದೆ.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. 2019–20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ನೂರು ಮಕ್ಕಳಲ್ಲಿ 65ಕ್ಕೂ ಹೆಚ್ಚು ಮಕ್ಕಳಿಗೆ ರಕ್ತಹೀನತೆ ಇದೆ. ಕಲ್ಯಾಣ ಕರ್ನಾಟಕದ ಅಂಗನವಾಡಿ ಕಾರ್ಯಕರ್ತೆಯರಿಗೆ ಈ ಅಂಕಿ ಯಾರೂ ಹೇಳಿಕೊಡಬೇಕಿಲ್ಲ. ದಿನವೂ ಬಿಳಿಚಿದ ಕಣ್ಣುರೆಪ್ಪೆಗಳನ್ನು ನೋಡುವವರು ಅವರು. ಕಬ್ಬಿಣ ಕಡಿಮೆಯಾದಾಗ ಕರುಳಿನ ಗೋಡೆ ಕಬ್ಬಿಣವನ್ನು ಹಿಡಿದು ಒಳಗೆಳೆಯುವ ವಾಹಕ ಪ್ರೋಟೀನನ್ನು ಹೆಚ್ಚು ಹೆಚ್ಚು ತಯಾರಿಸುತ್ತದೆ. ಈ ವಾಹಕ ಕಬ್ಬಿಣವನ್ನೂ ಸೀಸವನ್ನೂ ಪೂರ್ತಿ ಬೇರ್ಪಡಿಸಲಾರದು. ಹೀಗಾಗಿ ರಕ್ತ ಕಡಿಮೆಯಿರುವ ಮಗು ಅಷ್ಟೇ ಬಣ್ಣ ನುಂಗಿದರೂ ಹೆಚ್ಚು ಸೀಸ ಹೀರುತ್ತದೆ. ಹೊಟ್ಟೆ ಖಾಲಿಯಿದ್ದರೆ ಇನ್ನೂ ಹೆಚ್ಚು. ಒಳಗೆ ಸೇರಿದ ಸೀಸ ಸುಮ್ಮನಿರುವುದಿಲ್ಲ. ರಕ್ತಕ್ಕೆ ಕೆಂಪು ಕೊಡುವ ಹೀಮ್ ಎಂಬ ಅಣು ತಯಾರಾಗುವ ಹಾದಿಯಲ್ಲಿ ಸತುವನ್ನು ಆಧರಿಸಿ ಕೆಲಸ ಮಾಡುವ ಒಂದು ಕಿಣ್ವವಿದೆ. ಸೀಸ ಆ ಸತುವನ್ನು ಸರಿಸಿ ತಾನು ಕೂತು ಕಿಣ್ವವನ್ನು ಕೆಲಸಕ್ಕೆ ಬಾರದಂತೆ ಮಾಡುತ್ತದೆ. ರಕ್ತ ಇನ್ನಷ್ಟು ಕಡಿಮೆ, ಹೀರುವಿಕೆ ಇನ್ನಷ್ಟು ಜಾಸ್ತಿ.

ಆದ್ದರಿಂದ ಒಂದೇ ಕಾರ್ಖಾನೆಯ, ಒಂದೇ ಬಣ್ಣದ ಆಟಿಕೆ ಮುಂಬೈಯ ಉಂಡುಟ್ಟ ಮನೆಯ ಮಗುವಿಗೆ ಮಾಡುವ ಹಾನಿಗಿಂತ ಚಿಂಚೋಳಿ ತಾಂಡಾದ ರಕ್ತಹೀನ ಮಗುವಿಗೆ ಮಾಡುವ ಹಾನಿ ದೊಡ್ಡದು. ಪರೀಕ್ಷೆಯ ಗಾಜಿನ ಹೊಟ್ಟೆಗೆ ಈ ವ್ಯತ್ಯಾಸ ತಿಳಿಯದು. ಆದರೆ ಪರೀಕ್ಷೆಯಾದ, ಮುದ್ರೆಯಿರುವ, ಹೆಚ್ಚು ಬೆಲೆಯ ಆಟಿಕೆ ಹೋಗುವುದು ಮಹಾನಗರದ ಮಾಲ್‌ಗೆ. ಚೀಟಿಯಿಲ್ಲದ್ದು ಬರುವುದು ನಮ್ಮ ಸಂತೆಗೆ. ಹೆಚ್ಚು ಕಾಯಬೇಕಾದ ಮಗುವಿಗೇ ಕಡಿಮೆ ಕಾವಲು. ಇದನ್ನು ನಾವು ಸಹಿಸಿಕೊಂಡು ಬಂದಿದ್ದೇವೆ.

ಸೀಸದ ವಿಷಯದಲ್ಲಿ ದೇಶದ ಕಣ್ಣು ತೆರೆಸಿದ ಕೆಲಸದಲ್ಲಿ ಕರ್ನಾಟಕದ ಪಾಲು ದೊಡ್ಡದು. 1990ರ ದಶಕದ ಕೊನೆಯಲ್ಲಿ ಬೆಂಗಳೂರಿನ ಜಾರ್ಜ್ ಫೌಂಡೇಶನ್ ಏಳು ನಗರಗಳ ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ರಕ್ತ ಪರೀಕ್ಷೆ ಮಾಡಿಸಿತು. ಮಕ್ಕಳಲ್ಲಿ ಅರ್ಧಕ್ಕೂ ಹೆಚ್ಚಿನವರ ರಕ್ತದಲ್ಲಿ ಡೆಸಿಲೀಟರಿಗೆ 10 ಮೈಕ್ರೋಗ್ರಾಂ ಮೀರಿದ ಸೀಸವಿತ್ತು. ಇವತ್ತು ಅಮೆರಿಕದ ರೋಗ ನಿಯಂತ್ರಣ ಕೇಂದ್ರ 3.5 ದಾಟಿದರೇ ಎಚ್ಚರ ಎನ್ನುತ್ತದೆ. 1999ರಲ್ಲಿ ಬೆಂಗಳೂರಿನಲ್ಲಿ ಸೀಸದ ವಿಷದ ಬಗ್ಗೆ ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಮರುವರ್ಷ ದೇಶದಲ್ಲಿ ಸೀಸ ಬೆರೆತ ಪೆಟ್ರೋಲು ನಿಂತಿತು. ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಜೀವರಸಾಯನ ವಿಜ್ಞಾನಿ ಡಾ. ತುಪ್ಪಿಲ್ ವೆಂಕಟೇಶ್ ಅಲ್ಲಿ ಸೀಸದ ವಿಷಕ್ಕಾಗಿಯೇ ರಾಷ್ಟ್ರೀಯ ಕೇಂದ್ರವೊಂದನ್ನು ಕಟ್ಟಿ, ಬ್ಯಾಟರಿ, ಬಣ್ಣ, ಆಟಿಕೆ ಎಂದು ದಶಕಗಳ ಕಾಲ ಬೆನ್ನು ಹತ್ತಿದರು. ಮನೆಗೆ ಬಳಿಯುವ ಬಣ್ಣದಲ್ಲಿ ಸೀಸ 90ಕ್ಕಿಂತ ಹೆಚ್ಚಿರಬಾರದು ಎಂಬ ಕೇಂದ್ರದ ನಿಯಮ 2016ರಲ್ಲಿ ಬಂದು 2017ರ ನವೆಂಬರಿನಲ್ಲಿ ಜಾರಿಯಾಯಿತು. ಕಾರ್ಖಾನೆ ಬಳಕೆಯ ಬಣ್ಣಗಳು ಆ ನಿಯಮದ ಹೊರಗೇ ಉಳಿದವು. ನಮ್ಮೂರಿನ ಬಡಗಿ ತೊಟ್ಟಿಲಿಗೋ ಮಗು ತಳ್ಳುವ ಮೂರು ಗಾಲಿಯ ಗಾಡಿಗೋ ಕಬ್ಬಿಣದ ಗೇಟಿಗೆ ಬಳಿಯುವ ಡಬ್ಬಿಯನ್ನೇ ಎತ್ತಿಕೊಂಡರೆ ಅಪಾಯ ಹಾಗೇ ಉಳಿಯಿತು ಎಂದೇ ಅರ್ಥ.

ಬಣ್ಣದ ಮಾತು ಇಷ್ಟಾದರೆ ಕೆಳಗಿನ ಮರದ್ದು ಬೇರೆಯೇ ಸ್ವಭಾವ. ಮರ ಕಡಿದ ಮೇಲೂ ಗಾಳಿಯ ತೇವ ಹೀರುತ್ತದೆ, ಬಿಡುತ್ತದೆ. ಕರಾವಳಿಯ ತೇವದಲ್ಲಿ ಅದರ ನೀರಿನ ಅಂಶ ನೂರಕ್ಕೆ ಹದಿನೈದರ ಸುಮಾರಿಗೆ ನಿಂತರೆ, ಏಪ್ರಿಲ್–ಮೇ ತಿಂಗಳ ಸೇಡಂ, ಶಹಾಬಾದಿನ ಒಣ ಬಿಸಿಲಿನಲ್ಲಿ ಐದಾರಕ್ಕೆ ಇಳಿಯುತ್ತದೆ. ಇಳಿದಂತೆಲ್ಲ ಮರ ಕುಗ್ಗುತ್ತದೆ. ಎಳೆಯ ಉದ್ದಕ್ಕೆ ಕುಗ್ಗುವುದು ತೀರ ಕಡಿಮೆ, ಅಡ್ಡಕ್ಕೆ ಜಾಸ್ತಿ. ಅಡ್ಡದಲ್ಲೂ ವರ್ಷದುಂಗುರದ ಗುಂಟ ಕುಗ್ಗುವುದು ತಿರುಳಿನತ್ತ ಕುಗ್ಗುವುದಕ್ಕಿಂತ ಸುಮಾರು ಇಮ್ಮಡಿ. ಮೇಲಿನ ಬಣ್ಣದ ಪದರಕ್ಕೆ ಹಾಗೆ ಕುಗ್ಗಲು ಬರುವುದಿಲ್ಲ. ಅದು ಎಳೆಯ ಗುಂಟ ಸೀಳುತ್ತದೆ, ಅಂಚುಗಳಲ್ಲಿ ಹಕ್ಕಳೆ ಏಳುತ್ತದೆ. ಸಮುದ್ರತೀರದ ಕಾರ್ಖಾನೆಯಲ್ಲಿ ಗಟ್ಟಿಯಾಗಿ ಕೂತಿದ್ದ ಬಣ್ಣ ಇಲ್ಲಿಯ ಒಂದು ಬೇಸಿಗೆಗೆ ಉದುರಲು ಇದೇ ಕಾರಣ. ಉದುರಿದ್ದು ಶಹಾಬಾದ್ ಫರ್ಸಿಯ ಸಂದುಗಳಲ್ಲಿ ಧೂಳಿನೊಂದಿಗೆ ಬೆರೆಯುತ್ತದೆ. ಅಂಬೆಗಾಲಿಡುವ ಮಗುವಿನ ಅಂಗೈಗೆ ಅಂಟಿ ಬಾಯಿಗೆ ಹೋಗುತ್ತದೆ. ಆಟಿಕೆಯನ್ನು ಎಂದೂ ಕಚ್ಚದ ತಂಗಿಗೂ ಅದು ತಲುಪುತ್ತದೆ.

ಕುಗ್ಗಿದ ಮರದಿಂದ ಇನ್ನೊಂದು ಅಪಾಯ ಗಾಲಿಯ ಗೂಟ, ಕಣ್ಣಿನ ಮಣಿ ಸಡಿಲಾಗುವುದು. ಮಾನಕದ ಮೊದಲನೇ ಭಾಗ ಇದಕ್ಕಾಗಿಯೇ ಇದೆ. ಆಟಿಕೆಯನ್ನು ಎತ್ತರದಿಂದ ಮತ್ತೆ ಮತ್ತೆ ಬೀಳಿಸುತ್ತಾರೆ, ತಿರುಚುತ್ತಾರೆ, ಎಳೆಯುತ್ತಾರೆ, ಅದುಮುತ್ತಾರೆ. ಮಗು ಏನೇನು ಮಾಡಬಹುದೋ ಅದನ್ನೆಲ್ಲ ಯಂತ್ರ ಮಾಡುತ್ತದೆ. ಕಳಚಿ ಬಂದ ಚೂರನ್ನು ಒಂದು ಉಕ್ಕಿನ ಕೊಳವೆಗೆ ಹಾಕಿ ನೋಡುತ್ತಾರೆ. ಕೊಳವೆಯ ಅಗಲ 31.7 ಮಿಲಿಮೀಟರ್, ನಮ್ಮ ಹತ್ತು ರೂಪಾಯಿ ನಾಣ್ಯಕ್ಕಿಂತ ಐದು ಮಿಲಿಮೀಟರಿನಷ್ಟು ದೊಡ್ಡದು. ಅದರ ತಳ ಓರೆ. ಆಳ ಒಂದು ಬದಿಗೆ 25.4, ಇನ್ನೊಂದು ಬದಿಗೆ 57.1 ಮಿಲಿಮೀಟರ್. ಮೂರು ವರ್ಷದೊಳಗಿನ ಮಗುವಿನ ಗಂಟಲನ್ನು ನೆನೆದು ಕಡೆದ ಅಳತೆ ಇದು. ಯಾವ ಕಡೆಯಿಂದ ಹಾಕಿದರೂ ಚೂರು ಪೂರ್ತಿ ಒಳಗಿಳಿದರೆ ಆ ಆಟಿಕೆ ಮೂರು ವರ್ಷದೊಳಗಿನ ಮಕ್ಕಳಿಗೆ ಸಲ್ಲದು. ಎರಡನೇ ಭಾಗ ಬೆಂಕಿಗೆ ಸಂಬಂಧಿಸಿದ್ದು. ಮರದ ಗಟ್ಟಿ ಆಟಿಕೆಗೆ ಅದರಿಂದ ಸಾಮಾನ್ಯವಾಗಿ ತೊಂದರೆಯಿಲ್ಲ.

ಇನ್ನು ಹೊರದೇಶದಿಂದ ಬಣ್ಣದ ಮರದ ಆಟಿಕೆ ತರುವ ವ್ಯಾಪಾರಿ ಏನು ಮಾಡಬೇಕು? ನಮ್ಮ ದೇಶ ಈ ಬಾಗಿಲನ್ನು ನಿಧಾನವಾಗಿ ಬಿಗಿ ಮಾಡುತ್ತ ಬಂದಿದೆ. 2009ರ ಜನವರಿಯಲ್ಲಿ ಚೀನಾದ ಆಟಿಕೆಗಳ ಆಮದನ್ನು ಕೆಲಕಾಲ ನಿಷೇಧಿಸಿ, ಎರಡು ತಿಂಗಳೊಳಗೆ ಪ್ರಮಾಣಪತ್ರವಿದ್ದರೆ ತರಬಹುದು ಎಂದು ಸಡಿಲಿಸಿತು. 2017ರ ಸೆಪ್ಟೆಂಬರಿನಿಂದ ಭಾರತದ ಮಾನಕವೇ ಕಡ್ಡಾಯವಾಯಿತು. ಆದರೂ ಪ್ರಮಾಣಪತ್ರ ಒಂದು ಮಾಲಿಗೆ, ಪೆಟ್ಟಿಗೆಯಲ್ಲಿ ಬಂದದ್ದು ಇನ್ನೊಂದು ಮಾಲು ಎನ್ನುವಂಥ ದಾರಿಗಳು ಉಳಿದೇ ಇದ್ದವು. 2019ರಲ್ಲಿ ಭಾರತೀಯ ಗುಣಮಟ್ಟ ಮಂಡಳಿ ದೆಹಲಿ ಸುತ್ತಮುತ್ತಲ ಮಾರುಕಟ್ಟೆಯಿಂದ 121 ಬಗೆಯ ಆಟಿಕೆ ಕೊಂಡು ಪರೀಕ್ಷಿಸಿದಾಗ ಮೂರನೇ ಎರಡು ಪಾಲು ಅನುತ್ತೀರ್ಣವಾದವು. 2020ರ ಫೆಬ್ರವರಿಯಲ್ಲಿ ಆಟಿಕೆಗಳ ಗುಣಮಟ್ಟ ನಿಯಂತ್ರಣ ಆದೇಶ ಹೊರಟು 2021ರ ಜನವರಿ 1ರಿಂದ ಜಾರಿಗೆ ಬಂತು. ಹದಿನಾಲ್ಕು ವರ್ಷದೊಳಗಿನ ಮಕ್ಕಳ ಎಲ್ಲ ಆಟಿಕೆಗೂ ಐಎಸ್‌ಐ ಮುದ್ರೆ ಬೇಕು. ಮುದ್ರೆಗೆ ಪರವಾನಗಿ ಪಡೆಯಬೇಕಾದವನು ಇಲ್ಲಿಯ ಆಮದುದಾರನಲ್ಲ, ಅಲ್ಲಿಯ ಕಾರ್ಖಾನೆ. ಭಾರತೀಯ ಮಾನಕ ಬ್ಯೂರೋದ ಅಧಿಕಾರಿಗಳು ಆ ಕಾರ್ಖಾನೆಗೇ ಹೋಗಿ, ಬಣ್ಣದ ಡಬ್ಬಿಯಿಂದ ಪರೀಕ್ಷೆಯ ದಾಖಲೆಯವರೆಗೆ ನೋಡಿ, ಮಾದರಿ ತೆಗೆಸಿ, ಪರೀಕ್ಷೆ ಮಾಡಿಸಿದ ಮೇಲೆ ಪರವಾನಗಿ. ಬಂದರಿನಲ್ಲಿ ಮುದ್ರೆ ಮತ್ತು ಸಂಖ್ಯೆ ತಾಳೆಯಾಗಬೇಕು.

ಕಾರ್ಖಾನೆಯ ತನಕ ಹೋಗಿ ನೋಡಬೇಕಾದದ್ದು ಯಾಕೆಂಬುದನ್ನು ಜಗತ್ತಿಗೆ ಕಲಿಸಿದ್ದು 2007ರ ವರ್ಷ. ಆ ಜೂನಿನಲ್ಲಿ ಅಮೆರಿಕದಲ್ಲಿ ಥಾಮಸ್ ಎಂಬ ಪ್ರಸಿದ್ಧ ಮರದ ರೈಲಿನ ಸುಮಾರು 15 ಲಕ್ಷ ಆಟಿಕೆಗಳನ್ನು ಹಿಂದಕ್ಕೆ ಕರೆಸಿಕೊಳ್ಳಬೇಕಾಯಿತು. ಚೀನಾದಲ್ಲಿ ಬಳಿದ ಕೆಂಪು, ಹಳದಿ ಬಣ್ಣಗಳಲ್ಲಿ ಸೀಸವಿತ್ತು. ಆಗಸ್ಟಿನಲ್ಲಿ ಮ್ಯಾಟೆಲ್ ಕಂಪನಿ ಹತ್ತು ಲಕ್ಷದಷ್ಟು ಆಟಿಕೆ ವಾಪಸ್ ಪಡೆಯಿತು. ಆ ಪ್ರಕರಣದಲ್ಲಿ ಗುತ್ತಿಗೆಯ ಕಾರ್ಖಾನೆ ಒಪ್ಪಿಗೆಯಿಲ್ಲದ ಪೂರೈಕೆದಾರನಿಂದ ಬಣ್ಣ ತರಿಸಿತ್ತು. ಆಟಿಕೆಯ ವಿನ್ಯಾಸ ಅದೇ, ಕೆಲಸಗಾರರು ಅವರೇ. ಡಬ್ಬಿ ಮಾತ್ರ ಬದಲಾಗಿತ್ತು. ವರ್ಷಕ್ಕೊಮ್ಮೆ ಒಂದು ಮಾದರಿ ಪರೀಕ್ಷಿಸಿ ಸುಮ್ಮನಿರುವ ಆಮದುದಾರನಿಗೆ ಇದು ತಿಳಿಯುವುದೇ ಇಲ್ಲ. ಬಣ್ಣದ ಪ್ರತಿ ಹೊಸ ಬ್ಯಾಚಿಗೂ ವರದಿ ಕೇಳುವವನು, ಬಂದ ಮಾಲಿನಿಂದ ತಾನೇ ಒಂದೆರಡು ಆರಿಸಿ ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಕಳಿಸುವವನು ಮಾತ್ರ ಧೈರ್ಯವಾಗಿ ಮಾರಬಹುದು.

ಬಾಗಿಲು ಬಿಗಿಯಾದ ಫಲ ಕಂಡಿದೆ. 2018–19ರಲ್ಲಿ 37 ಕೋಟಿ ಡಾಲರಿನಷ್ಟಿದ್ದ ಆಟಿಕೆ ಆಮದು 2021–22ಕ್ಕೆ 11 ಕೋಟಿಗೆ ಇಳಿಯಿತು. ಆಮದು ಸುಂಕ ಏರಿದ್ದೂ ಇದಕ್ಕೆ ಕಾರಣ. ಆದರೂ 2023ರ ಜನವರಿಯಲ್ಲಿ ಬ್ಯೂರೋ ದೊಡ್ಡ ನಗರಗಳ, ವಿಮಾನ ನಿಲ್ದಾಣಗಳ ಹೆಸರಾಂತ ಅಂಗಡಿಗಳನ್ನು ಶೋಧಿಸಿದಾಗ ಮುದ್ರೆಯಿಲ್ಲದ 18,000ಕ್ಕೂ ಹೆಚ್ಚು ಆಟಿಕೆ ಸಿಕ್ಕವು. ವಿಮಾನ ನಿಲ್ದಾಣದ ಅಂಗಡಿಗಳಲ್ಲೇ ಈ ಸ್ಥಿತಿ ಇದ್ದರೆ ಜಾತ್ರೆಯ ಮಳಿಗೆಯ ಸ್ಥಿತಿ ಊಹಿಸಬಹುದು. ಮುದ್ರೆಯಿಲ್ಲದ ಆಟಿಕೆ ಮಾರಿದರೆ ಎರಡು ವರ್ಷದವರೆಗೆ ಸೆರೆ ಅಥವಾ ಮೊದಲ ಸಲಕ್ಕೆ ಕನಿಷ್ಠ 2 ಲಕ್ಷ ರೂಪಾಯಿ ದಂಡ ಎನ್ನುತ್ತದೆ 2016ರ ಭಾರತೀಯ ಮಾನಕ ಬ್ಯೂರೋ ಕಾಯ್ದೆ. ಚಿಲ್ಲರೆ ಅಂಗಡಿಯ ಅಣ್ಣನಿಗೆ ಈ ವಿಷಯ ಗೊತ್ತಿಲ್ಲ. ಮಾಲು ಕೊಟ್ಟ ಸಗಟುದಾರ ಹೇಳಿಲ್ಲ.

ಇನ್ನೊಂದು ಸಂದು ನನಗೆ ಹೆಚ್ಚು ಕಳವಳ ತರುತ್ತದೆ. ಆದೇಶ ಅನ್ವಯವಾಗುವುದು ಆಟಿಕೆಗೆ. ಅದೇ ಬಣ್ಣದ ಮರದ ಆನೆಯನ್ನು "ಅಲಂಕಾರದ ವಸ್ತು, ಆಟಿಕೆಯಲ್ಲ" ಎಂದು ಬರೆದು ತಂದರೆ ಹೊಟ್ಟೆಯ ಪರೀಕ್ಷೆಯಿಂದ ತಪ್ಪಿಸಿಕೊಳ್ಳುತ್ತದೆ. ಷೋಕೇಸಿನಲ್ಲಿ ಇಟ್ಟದ್ದು ಎರಡನೇ ದಿನಕ್ಕೆ ಮಗುವಿನ ಕೈಯಲ್ಲಿರುತ್ತದೆ ಎಂಬುದು ಮನೆಯಲ್ಲಿ ಮಗುವಿರುವ ಎಲ್ಲರಿಗೂ ಗೊತ್ತು. ಬಣ್ಣ ಹಚ್ಚಿದ, ಮಗುವಿನ ಕಣ್ಣು ಸೆಳೆಯುವ ಯಾವ ಮರದ ವಸ್ತುವಿಗೂ ಸೀಸದ ಮಿತಿ ಅನ್ವಯವಾಗಬೇಕು. ಹೆಸರು ಬದಲಿಸಿದ್ದರಿಂದ ಬಣ್ಣ ಬದಲಾಗದು.

ನಮ್ಮದೇ ಕಸುಬಿನ ಗೊಂಬೆಗಳ ವಿಷಯವೂ ಇದೆ. ಕರಕುಶಲ ಆಯುಕ್ತರ ಕಚೇರಿಯಲ್ಲಿ ನೋಂದಾಯಿಸಿದ ಕುಶಲಕರ್ಮಿಗಳಿಗೂ ಭೌಗೋಳಿಕ ಸೂಚ್ಯಂಕ ಪಡೆದ ಆಟಿಕೆಗಳಿಗೂ ಮುದ್ರೆಯ ಕಡ್ಡಾಯದಿಂದ ವಿನಾಯಿತಿ ಸಿಕ್ಕಿದೆ. ಚನ್ನಪಟ್ಟಣವೂ ಕೊಪ್ಪಳದ ಕಿನ್ನಾಳವೂ ಈ ಸೂಚ್ಯಂಕ ಪಡೆದವು. ಚನ್ನಪಟ್ಟಣದ ಪದ್ಧತಿಯಲ್ಲಿ ಒಂದು ದೊಡ್ಡ ಅನುಕೂಲವಿದೆ. ಅಲ್ಲಿ ಬಣ್ಣವನ್ನು ಕುಂಚದಿಂದ ಬಳಿಯುವುದಿಲ್ಲ. ಆಲೆ ಮರದ ತುಂಡು ಕಡೆಯುವ ಯಂತ್ರದಲ್ಲಿ ತಿರುಗುತ್ತಿರುವಾಗ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಿದ ಕಾವಿಗೆ ಅರಗು ಕರಗಿ ಮರದ ರಂಧ್ರಗಳಿಗೆ ಇಳಿಯುತ್ತದೆ. ಗರಿಯಿಂದ ತೀಡಿದರೆ ಹೊಳಪು. ಹೀಗೆ ಕೂತ ಪದರ ಹಕ್ಕಳೆಯಾಗಿ ಏಳುವುದು ಕಡಿಮೆ. ಅರಗು ಒಂದು ಕೀಟದ ಸ್ರಾವ, ತಾನಾಗಿ ವಿಷವಲ್ಲ. ಆದರೆ ಅರಗಿಗೆ ಬೆರೆಸುವ ಪುಡಿ ಯಾವುದು ಎಂಬುದರ ಮೇಲೆ ಎಲ್ಲ ನಿಂತಿದೆ. ಅರಿಶಿನ, ನೀಲಿ, ಕಾಚು ಬಳಸಿದರೆ ಒಂದು ಮಾತು, ಬಜಾರಿನ ಹಳದಿ ಪುಡಿ ಬಳಸಿದರೆ ಬೇರೆ ಮಾತು. ಕಿನ್ನಾಳದ ಚಿತ್ರಗಾರರು ಹಗುರ ಮರದ ಮೇಲೆ ಹುಣಸೆಬೀಜದ ಅಂಟಿನಲ್ಲಿ ಕಲಸಿದ ಕಿಟ್ಟ ಎಂಬ ಮುದ್ದೆಯನ್ನು ಮೆತ್ತಿ, ಬಿಳಿ ಪದರ ಕೊಟ್ಟು, ಆಮೇಲೆ ಕುಂಚದಿಂದ ಬಣ್ಣ ಹಚ್ಚುತ್ತಾರೆ. ಅಲ್ಲಿ ಬಣ್ಣದ ಆಯ್ಕೆ ಇನ್ನೂ ಮುಖ್ಯ. ವಿನಾಯಿತಿ ಕೊಟ್ಟದ್ದು ಸರಿ. ಪ್ರತಿಯೊಬ್ಬ ಚಿತ್ರಗಾರನ ಮೇಲೆ ಪ್ರಯೋಗಾಲಯದ ಖರ್ಚು ಹೇರಿದರೆ ಕಸುಬೇ ಮುಳುಗುತ್ತದೆ. ಆದರೆ ಮುದ್ರೆಗೆ ವಿನಾಯಿತಿ ಇರಬಹುದು, ಸೀಸಕ್ಕೆ ವಿನಾಯಿತಿ ಕೂಡದು. ಪರೀಕ್ಷೆಯಾದ ಬಣ್ಣವನ್ನು ಸರ್ಕಾರವೇ ಸಗಟಾಗಿ ತಂದು ಕಡಿಮೆ ದರಕ್ಕೆ ಕೊಟ್ಟರೆ ಗೊಂಬೆಗಳನ್ನು ಒಂದೊಂದಾಗಿ ಪರೀಕ್ಷಿಸುವ ಅಗತ್ಯ ಬಹಳ ಮಟ್ಟಿಗೆ ತಪ್ಪುತ್ತದೆ.

ಮನೆಯಲ್ಲಿ ಸೀಸವನ್ನು ಕಂಡುಹಿಡಿಯಲು ಸಾಧ್ಯವೇ ಎಂದು ಅನೇಕರು ಕೇಳುತ್ತಾರೆ. ಬಣ್ಣ ನೋಡಿ, ಮೂಸಿ, ತೊಳೆದು ತಿಳಿಯುವುದಿಲ್ಲ. ನೆಚ್ಚಬಹುದಾದದ್ದು ಯಂತ್ರ ಮಾತ್ರ. ಕೈಯಲ್ಲಿ ಹಿಡಿಯುವ ಎಕ್ಸ್-ಕಿರಣ ಪ್ರತಿದೀಪ್ತಿ ಯಂತ್ರ ಆಟಿಕೆಗೆ ಗಾಯ ಮಾಡದೆ ನಿಮಿಷದೊಳಗೆ ಸೀಸವಿದೆಯೇ ಎಂದು ತೋರಿಸುತ್ತದೆ. ಅದು ಹೇಳುವುದು ಒಟ್ಟು ಸೀಸ, ಕರಗುವ ಸೀಸವಲ್ಲ; ಆದರೆ ಸೀಸ ಸಾವಿರಗಟ್ಟಲೆ ಮಿಲಿಗ್ರಾಂ ಇರುವ ಆಟಿಕೆಯನ್ನು ಬದಿಗಿಡಲು ಅಷ್ಟು ಸಾಕು. ಕಲಬುರಗಿಯಲ್ಲಿ ವಿಶ್ವವಿದ್ಯಾಲಯವಿದೆ, ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯವಿದೆ, ಸರ್ಕಾರಿ ವೈದ್ಯಕೀಯ ಕಾಲೇಜು ಇದೆ. ಅಂಥದೊಂದು ಯಂತ್ರವನ್ನು ಶರಣಬಸವೇಶ್ವರ ಜಾತ್ರೆಗೂ ತಾಲ್ಲೂಕಿನ ಸಂತೆಗಳಿಗೂ ಒಯ್ದು, ಅಂಗಡಿಯವರ ಒಪ್ಪಿಗೆಯಿಂದ ಆಟಿಕೆ ನೋಡುವ ಕೆಲಸವನ್ನು ವಿದ್ಯಾರ್ಥಿಗಳೇ ಮಾಡಬಲ್ಲರು. ರಕ್ತಹೀನತೆಗೆ ಚಿಕಿತ್ಸೆ ಕೊಟ್ಟರೂ ಚೇತರಿಸದ ಮಗುವಿನ ರಕ್ತದಲ್ಲಿ ಸೀಸದ ಪರೀಕ್ಷೆಯನ್ನೂ ಜಿಲ್ಲಾಸ್ಪತ್ರೆಗಳು ಸೇರಿಸಿಕೊಳ್ಳಬೇಕು.

ಅಲ್ಲಿಯವರೆಗೆ ತಾಯಿ ತಂದೆಯರು ಮಾಡಬಹುದಾದದ್ದೂ ಸಾಕಷ್ಟಿದೆ. ಹಕ್ಕಳೆ ಎದ್ದ ಬಣ್ಣದ ಆಟಿಕೆಯನ್ನು ಇವತ್ತೇ ತೆಗೆದುಹಾಕಿ. ಅದನ್ನು ಇನ್ನೊಂದು ಮಗುವಿಗೆ ಕೊಡಬೇಡಿ, ಒಲೆಗೂ ಹಾಕಬೇಡಿ. ಸುಟ್ಟರೆ ಸೀಸ ಹೊಗೆಯಲ್ಲಿ, ಬೂದಿಯಲ್ಲಿ ಮನೆ ತುಂಬುತ್ತದೆ. ಫರ್ಸಿಯನ್ನು ಕಸಬರಿಗೆಯಲ್ಲಿ ಗುಡಿಸುವುದಕ್ಕಿಂತ ಒದ್ದೆ ಬಟ್ಟೆಯಲ್ಲಿ ಒರೆಸಿ. ಉಣ್ಣುವ ಮೊದಲು ಮಗುವಿನ ಕೈ ತೊಳೆಸಿ. ಅಂಗನವಾಡಿಯಲ್ಲಿ ಕೊಡುವ ಕಬ್ಬಿಣದ ಸಿರಪ್ಪನ್ನು ತಪ್ಪಿಸಬೇಡಿ, ಸೊಪ್ಪು, ತೊಗರಿಬೇಳೆಯ ಜೊತೆ ನಿಂಬೆ ಹಿಂಡಿ ಕೊಡಿ, ಹಾಲು ಮೊಸರು ಕೊಡಿ. ಕಬ್ಬಿಣ ಮತ್ತು ಕ್ಯಾಲ್ಸಿಯಂ ತುಂಬಿದ ಮೈ ಕಡಿಮೆ ಸೀಸ ಹೀರುತ್ತದೆ. ಹೊಸ ಆಟಿಕೆ ಕೊಳ್ಳುವಾಗ ಐಎಸ್‌ಐ ಮುದ್ರೆಯ ಮೇಲೆ ಮಾನಕದ ಸಂಖ್ಯೆ, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಪರವಾನಗಿ ಸಂಖ್ಯೆ ಇದೆಯೇ ನೋಡಿ. ಆ ಸಂಖ್ಯೆಯನ್ನು ಬಿಐಎಸ್ ಕೇರ್ ಎಂಬ ಮೊಬೈಲ್ ಆ್ಯಪ್‌ನಲ್ಲಿ ಹಾಕಿದರೆ ಕಾರ್ಖಾನೆಯ ಹೆಸರು ಬರುತ್ತದೆ. ಬರದಿದ್ದರೆ ಅದೇ ಆ್ಯಪ್‌ನಲ್ಲಿ ದೂರು ಕೊಡಿ, ಮತ್ತು ಅಂಗಡಿಯವರಿಗೆ ಸಮಾಧಾನದಿಂದ ಹೇಳಿ: ಮುಂದಿನ ಸಲ ಹೈದರಾಬಾದಿಗೆ ಹೋದಾಗ ಮುದ್ರೆಯಿರುವ ಮಾಲನ್ನೇ ತನ್ನಿ, ನಾವು ಅದನ್ನೇ ಕೊಳ್ಳುತ್ತೇವೆ.